ವಾಹನ ಪ್ರಶ್ನೋತ್ತರ: ಮುಂಜಾನೆಯ ಕಟಕಟ, ಸುಟ್ಟ ಎಣ್ಣೆಯ ವಾಸನೆ

ಪ್ರಶ್ನೆ: ನಮ್ಮದು ಟರ್ಬೊ ಡೀಸೆಲ್ ಪಿಕಪ್, 1,20,000 ಕಿ.ಮೀ. ಓಡಿದೆ. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದರೆ ಮೂರ್ನಾಲ್ಕು ಸೆಕೆಂಡು ಕರಕರ ಸದ್ದು ಬಂದು ನಿಲ್ಲುತ್ತದೆ. ಆಮೇಲೆ ಐದು ನಿಮಿಷ ಟಿಕ್ ಟಿಕ್ ಅನ್ನುತ್ತಿರುತ್ತದೆ. ಆಲ್ದೂರಿಗೆ ಹೋಗಿ ಗಾಡಿ ನಿಲ್ಲಿಸಿದರೆ ಸುಟ್ಟ ಎಣ್ಣೆ ವಾಸನೆ, ಒಮ್ಮೊಮ್ಮೆ ಕ್ಯಾಬಿನ್ ಒಳಗೂ. ಟರ್ಬೊ ಹೋಗಿದೆ ಎನ್ನುತ್ತಿದ್ದಾರೆ. ನಿಜವೇ?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ನೀವು ಬರೆದಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ ಇರುವ ಸಾಧ್ಯತೆಯೇ ಹೆಚ್ಚು. ಟರ್ಬೊ ಎಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಚಕ್ರದ ಯಂತ್ರ. ಅದು ಕೆಟ್ಟರೆ ಅದರ ಕೂಗು ಸಾಮಾನ್ಯವಾಗಿ ಲೋಡ್ ಹಾಕಿಕೊಂಡು ಏರು ಹತ್ತುವಾಗ ಸೈರನ್ನಿನಂತೆ ಕೇಳುತ್ತದೆ, ಬೆಳಗಿನ ಮೊದಲ ಮೂರು ಸೆಕೆಂಡಿನಲ್ಲಲ್ಲ. ಹಾಗಾಗಿ ಟರ್ಬೊ ಬಿಚ್ಚಿಸುವ ಮಾತು ಸದ್ಯಕ್ಕೆ ಬೇಡ.

ಮೊದಲು ಮೂರ್ನಾಲ್ಕು ಸೆಕೆಂಡಿನ ಕರಕರ. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಆಯಿಲ್ ಕೆಳಗಿನ ಸಂಪ್‌ಗೆ, ಅಂದರೆ ಆಯಿಲ್ ತೊಟ್ಟಿಗೆ, ಇಳಿದಿರುತ್ತದೆ. ಟೈಮಿಂಗ್ ಚೈನ್ (ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಆಡಿಸುವ ಸರಪಳಿ) ಇರುವ ಇಂಜಿನ್‌ಗಳಲ್ಲಿ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಷರಿನಿಂದ ಕೆಲಸ ಮಾಡುವುದು ಸಾಮಾನ್ಯ. ಪ್ರೆಷರ್ ಬರುವವರೆಗೆ ಚೈನ್ ಸಡಿಲವಾಗಿ, ಅದು ಜಾರುವ ಗೈಡ್ ಪಟ್ಟಿಗೆ ಬಡಿಯುತ್ತದೆ. ಆಯಿಲ್ ಪೂರ್ತಿ ಇಳಿಯದಂತೆ ತಡೆಯಲು ಅನೇಕ ಫಿಲ್ಟರುಗಳ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗಿ ಸೀಲ್ ಆಗುವುದಿಲ್ಲ. ಆದ್ದರಿಂದ ಮೊದಲ ಕೆಲಸ ಅತಿ ಸುಲಭದ್ದು: ಸಮತಟ್ಟಾದ ಜಾಗದಲ್ಲಿ, ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ಮಟ್ಟ ಸರಿಯಿದ್ದರೆ ಕಂಪನಿ ಹೇಳಿದ ಗ್ರೇಡಿನ ಆಯಿಲ್ ಮತ್ತು ಅಸಲಿ ಫಿಲ್ಟರ್ ಹಾಕಿಸಿ, ಒಂದು ವಾರ ಬೆಳಿಗ್ಗೆ ಕಿವಿಗೊಡಿ. ಸದ್ದು ಹಾಗೇ ಇದ್ದರೆ ಟೆನ್ಷನರ್, ಚೈನ್, ಗೈಡ್ ಮೂರನ್ನೂ ತೆಗೆದು ನೋಡಿಸಬೇಕು. ಇದನ್ನು ಮುಂದಿನ ಕೊಯ್ಲಿಗೆ ತಳ್ಳಬೇಡಿ. ಚೈನ್ ಒಂದೆರಡು ಹಲ್ಲು ಜಾರಿದರೆ ವಾಲ್ವು ಪಿಸ್ಟನ್ನಿಗೆ ತಾಗಿ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿ ರಿಪೇರಿ ಮಾಡಿಸುವ ಸ್ಥಿತಿ ಬರುತ್ತದೆ. ಆಯಿಲ್ ಪ್ರೆಷರ್ ದೀಪ ಆರಲು ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದ್ದರೆ ಗಾಡಿ ಓಡಿಸದೆ, ಗೇಜ್ ಹಾಕಿ ಪ್ರೆಷರ್ ಅಳೆಸಿ.

ಸದ್ದು ಅಡಗಿಸಲು 20ಡಬ್ಲ್ಯು-50ರಂಥ ದಪ್ಪ ಆಯಿಲ್ ಹಾಕಿ ಎಂಬ ಸಲಹೆ ನಮ್ಮ ಕಡೆ ಬಹಳ ಕೇಳಿಬರುತ್ತದೆ. ದಯವಿಟ್ಟು ಕೇಳಬೇಡಿ. ದಪ್ಪ ಆಯಿಲ್ ಬಿಸಿ ಇಂಜಿನ್ನಿನ ಸದ್ದನ್ನು ಸ್ವಲ್ಪ ಮರೆಮಾಚಬಹುದು. ಆದರೆ ತಣ್ಣಗಿರುವಾಗ ಅದು ಟೆನ್ಷನರಿಗೂ ಟರ್ಬೊ ಬೇರಿಂಗಿಗೂ ತಡವಾಗಿ ತಲುಪುತ್ತದೆ. ನಿಮ್ಮ ತೊಂದರೆ ಇರುವುದೇ ಆ ತಡದಲ್ಲಿ.

ಇನ್ನು ಐದು ನಿಮಿಷದ ಟಿಕ್ ಟಿಕ್. ಬಿಸಿಯಾದ ಮೇಲೆ ನಿಲ್ಲುವ ಟಿಕ್ ಶಬ್ದಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ ಹೊಗೆ ಹೊರತರುವ ಕಬ್ಬಿಣದ ಕೊಳವೆ) ಲೀಕನ್ನು ಮೊದಲು ಅನುಮಾನಿಸಬೇಕು. ತಣ್ಣಗಿರುವಾಗ ಪ್ಯಾಕಿಂಗ್ ಸಂದಿನಿಂದ ಹೊಗೆ ಚಿಮ್ಮುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವ ಜಾಗ ನೋಡಿ. ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲೇ. ಕಾಣದಿದ್ದರೆ ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಪೋರ್ಟ್‌ಗಳ (ಹೊಗೆ ಹೊರಬರುವ ತೂತುಗಳ) ಹತ್ತಿರ ಆಡಿಸಿ. ಫ್ಯಾನು, ಬೆಲ್ಟಿನಿಂದ ಪೈಪೂ ಅಂಗಿಯ ತೋಳೂ ದೂರವಿರಲಿ. ಮ್ಯಾನಿಫೋಲ್ಡ್ ಹಿಡಿದಿಡುವ ಸ್ಟಡ್ ಬೋಲ್ಟುಗಳಲ್ಲಿ ಎರಡೂ ತುದಿಯವೇ ಹೆಚ್ಚಾಗಿ ಮುರಿಯುವುದು. ಬಿಚ್ಚುವ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಉಳಿದವು ಮುರಿಯದೆ ಬರುವ ಸಾಧ್ಯತೆ ಹೆಚ್ಚು. ಮತ್ತೆ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು.

ಟಿಕ್ ಬದಲು ‘ಚಫ್ ಚಫ್’ ಎಂದು ಕೇಳಿ, ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ) ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ ಕಂಡರೆ ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ತಡಮಾಡಿದಷ್ಟೂ ಇಂಜೆಕ್ಟರ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಇಡೀ ಇಂಜಿನ್ ಗಡಗಡ ಬಡಿದು, ಕಣ್ಣುರಿಯುವ ಬಿಳಿ ಹೊಗೆ ಬಂದರೆ ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಕಾಯಿಸುವ ಗ್ಲೋ ಪ್ಲಗ್ ನೋಡಿ. ಕನೆಕ್ಷನ್ ಬಿಚ್ಚಿ ಮೀಟರ್ ಹಿಡಿದರೆ ಒಳ್ಳೆಯ ಪ್ಲಗ್ ಸಾಮಾನ್ಯವಾಗಿ 0.5ರಿಂದ 2 ಓಮ್ ತೋರಿಸುತ್ತದೆ, ಒಳಗೆ ಕಡಿದುಹೋದದ್ದು ಏನೂ ತೋರಿಸುವುದಿಲ್ಲ. ನಾಲ್ಕರ ನಡುವೆ ಒಂದು ಮಾತ್ರ ಬೇರೆ ತೋರಿಸಿದರೆ ಅನುಮಾನವೇ ಬೇಡ. ಚಿಕ್ಕಮಗಳೂರಿನ ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆ ಎಂಬುದನ್ನು ಮಾತ್ರ ನಂಬಬೇಡಿ, ಇಲ್ಲಿ ಅಷ್ಟು ಚಳಿಯಾಗುವುದಿಲ್ಲ.

ವಾಸನೆಯ ವಿಷಯ ಇವೆರಡಕ್ಕಿಂತ ಗಂಭೀರ. ನಿಲ್ಲಿಸಿದ ಮೇಲೆ ಬರುವ ಕಮಟು ಎಂದರೆ ಎಲ್ಲೋ ಸೋರಿದ ಆಯಿಲ್ ಬಿಸಿ ಮ್ಯಾನಿಫೋಲ್ಡ್ ಅಥವಾ ಟರ್ಬೊ ಮೈಮೇಲೆ ಬೇಯುತ್ತಿದೆ. ಓಡುವಾಗ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ನಿಂತಾಗ ಹೊಗೆ ಮೇಲೆದ್ದು ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಜಾಲರಿಯಿಂದ ಕ್ಯಾಬಿನ್ನಿಗೆ ನುಗ್ಗುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಡಿಗ್ರೀಸರ್ ಹಾಕಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಪ್ರೆಷರ್ ನೀರು ಹೊಡೆಸಬೇಡಿ, ಕನೆಕ್ಟರುಗಳಿಗೆ ನೀರು ಹೋದರೆ ಹೊಸ ತಲೆನೋವು. ಅನುಮಾನದ ಜಾಗಗಳ ಮೇಲೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, ಹದಿನೈದಿಪ್ಪತ್ತು ಕಿ.ಮೀ. ಓಡಿಸಿ ಬಂದು ನೋಡಿ. ಸೋರುವಲ್ಲಿ ಪೌಡರ್ ಒದ್ದೆಯಾಗಿ ಬಣ್ಣ ತಿರುಗಿರುತ್ತದೆ. ಆಯಿಲ್ ಕೆಳಕ್ಕೂ, ಗಾಳಿಗೆ ಹಿಂದಕ್ಕೂ ಹರಡುವುದರಿಂದ ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವೇ ಮೂಲ. ಸಾಮಾನ್ಯವಾಗಿ ಸಿಗುವುದು ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗಿನ ಹಿಂದಿನ ಮೂಲೆ, ವ್ಯಾಕ್ಯೂಮ್ ಪಂಪಿನ ಜೋಡಣೆ, ಟರ್ಬೊಗೆ ಆಯಿಲ್ ತರುವ ಪೈಪಿನ ಬ್ಯಾಂಜೊ ಬೋಲ್ಟು (ಒಳಗೆ ಆಯಿಲ್ ಹರಿಯಲು ತೂತಿರುವ ಬೋಲ್ಟು), ಕೆಳಗಿನ ಡ್ರೇನ್ ಪೈಪಿನ ಪ್ಯಾಕಿಂಗ್. ಬ್ಯಾಂಜೊ ಬೋಲ್ಟ್ ಬಿಚ್ಚಿದಾಗಲೆಲ್ಲ ಎರಡೂ ತಾಮ್ರದ ವಾಷರ್ ಹೊಸದಾಗಿ ಹಾಕಬೇಕು. ಹಳೆಯದನ್ನೇ ಬಿಗಿದರೆ ಮತ್ತೆ ಸೋರುವುದು ಹೆಚ್ಚುಕಡಿಮೆ ಖಚಿತ.

ಬಾನೆಟ್ ಎತ್ತಿದಾಗ ಹೊಗೆ ಕಣ್ಣಿಗೆ ಕಂಡರೆ ಆ ದಿನ ಗಾಡಿ ನಿಲ್ಲಿಸಿ, ಬೆಂಕಿ ಹೊತ್ತಿಕೊಳ್ಳುವುದು ಹೀಗೆಯೇ. ಸೀಟಿನ ಹತ್ತಿರ ಕೈಗೆಟುಕುವಂತೆ ಪೌಡರ್ ಮಾದರಿಯ ಸಣ್ಣ ಅಗ್ನಿಶಾಮಕ ಇರಲಿ. ತೋಟದ ಗಾಡಿಗಳಲ್ಲಿ ಇನ್ನೊಂದನ್ನೂ ನೋಡಬೇಕು: ಚಳಿಗೆ ಇಲಿಗಳು ಬೆಚ್ಚಗಿನ ಇಂಜಿನ್ ಹುಡುಕಿಕೊಂಡು ಬಂದು ಒಣಗಿದ ಎಲೆ, ಹುಲ್ಲು ತಂದು ಗೂಡು ಕಟ್ಟುತ್ತವೆ, ವೈರೂ ಕಡಿಯುತ್ತವೆ. ಅದೂ ಸುಟ್ಟ ವಾಸನೆಯೇ, ಅದಕ್ಕೂ ಬೆಂಕಿ ಹತ್ತುತ್ತದೆ.

ಪ್ರಶ್ನೆ: ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ಭಾಗ) ಪೈಪ್ ಬಿಚ್ಚಿದಾಗ ಒಳಗೆ ಆಯಿಲ್ ಇತ್ತು. ಹೊಸ ಟರ್ಬೊ ಹಾಕಲೇಬೇಕು ಎಂದಿದ್ದಾರೆ. ರಿಪೇರಿ ಮಾಡಿಸಿದರೆ ಸಾಲದೇ?
– ಓದುಗರು, ಬೇಲೂರು

ಉತ್ತರ: ಎಷ್ಟು ಆಯಿಲ್ ಎಂಬುದೇ ಮುಖ್ಯ. ಬೆರಳಿಗೆ ತೆಳುವಾಗಿ ಅಂಟುವ ಪಸೆ ತಪ್ಪಲ್ಲ. ಇಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪಿನಿಂದ ಬರುವ ಆಯಿಲ್ ಹಬೆ ಟರ್ಬೊ ಮೂಲಕವೇ ಹಾದು ಹೋಗುತ್ತದೆ. ಪೈಪ್ ಬಾಗಿಸಿದರೆ ಸುರಿಯುವಷ್ಟಿದ್ದರೆ ಮಾತ್ರ ಚಿಂತೆ. ಆಗಲೂ ಟರ್ಬೊ ಮುಟ್ಟುವ ಮೊದಲು ಮೂರು ಜಾಗ ನೋಡಿ.

ಏರ್ ಫಿಲ್ಟರ್ ಕಟ್ಟಿದ್ದರೆ ಟರ್ಬೊ ಬಾಯಲ್ಲಿ ಎಳೆತ ಹೆಚ್ಚಿ ಸೀಲಿನಾಚೆಯಿಂದ ಆಯಿಲನ್ನೇ ಹೀರುತ್ತದೆ. ಕಾಫಿ ಹೊಟ್ಟಿನ ಧೂಳು, ಮಣ್ಣು ರಸ್ತೆಯ ಧೂಳಿನಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿ.ಮೀ. ಲೆಕ್ಕ ಸಾಲದು, ಅದಕ್ಕಿಂತ ಬೇಗ ಬದಲಿಸಬೇಕು. ಎರಡನೆಯದು ಬ್ರೀದರ್. ಅದು ಕಟ್ಟಿದರೆ, ಅಥವಾ ಪಿಸ್ಟನ್ ರಿಂಗ್ ಸವೆದು ಗ್ಯಾಸ್ ಕೆಳಗಿಳಿಯುತ್ತಿದ್ದರೆ, ಇಂಜಿನ್ ಒಳಗೆ ಒತ್ತಡ ಏರುತ್ತದೆ. ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಸಡಿಲವಾಗಿ ಮೇಲಿಡಿ. ಸ್ವಲ್ಪ ನಡುಗುವುದು ಸರಿ, ಎತ್ತಿ ಬಿಸಾಡಿದರೆ ಸರಿಯಲ್ಲ. ಮೂರನೆಯದು ಡ್ರೇನ್ ಪೈಪ್. ಟರ್ಬೊದಿಂದ ಆಯಿಲ್ ಸಂಪ್‌ಗೆ ತನ್ನ ಭಾರದಿಂದಲೇ ಇಳಿಯಬೇಕು, ಎಳೆಯಲು ಪಂಪಿಲ್ಲ. ಪೈಪಿನಲ್ಲಿ ಕರಕಲು ಕಟ್ಟಿದ್ದರೂ, ಕೆಳಗಿನಿಂದ ಒತ್ತಡ ಇದ್ದರೂ ಆಯಿಲ್ ಇಳಿಯದೆ ಎರಡೂ ಬದಿಯ ಸೀಲಿನಿಂದ ಹೊರಬೀಳುತ್ತದೆ. ಈ ಮೂರರಲ್ಲಿ ಒಂದು ಉಳಿದರೂ ಹೊಸ ಟರ್ಬೊ ಕೂಡ ಹಾಗೆಯೇ ಸೋರುತ್ತದೆ. ದುಡ್ಡು ಹೋಗುವುದು ಇಲ್ಲೇ.

ಮೂರೂ ಸರಿಯಿದ್ದರೆ ತಣ್ಣನೆ ಇಂಜಿನ್ನಿನಲ್ಲಿ ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಇರಲೇಬೇಕು, ಏಕೆಂದರೆ ಬೇರಿಂಗ್ ಆಯಿಲಿನ ಪದರದ ಮೇಲೆ ತೇಲುತ್ತದೆ. ಮುಂದಕ್ಕೂ ಹಿಂದಕ್ಕೂ ಕೈಗೆ ತಿಳಿಯುವ ಆಟ ಇರಬಾರದು. ಟರ್ಬೊ ಚಕ್ರದ ರೆಕ್ಕೆ ಸುತ್ತಲಿನ ಕವಚಕ್ಕೆ ಉಜ್ಜಿದ ಗುರುತಿದ್ದರೆ ಟರ್ಬೊ ಮುಗಿಯಿತು. ಹೊಸದು ಅಥವಾ ರಿಪೇರಿ ಮಾಡಿದ್ದು, ಯಾವುದೇ ಹಾಕಿದರೂ ಆಯಿಲ್ ತರುವ ಫೀಡ್ ಪೈಪ್ ಹೊಸದಿರಲಿ, ಇಂಟರ್‌ಕೂಲರ್ ತೊಳೆಸಿ, ಹಾಕುವ ಮುಂಚೆ ಟರ್ಬೊದ ಆಯಿಲ್ ತೂತಿಗೆ ಸ್ವಚ್ಛ ಆಯಿಲ್ ತುಂಬಿ ಚಕ್ರ ಕೈಯಲ್ಲಿ ತಿರುಗಿಸಿ. ಇಂಟರ್‌ಕೂಲರಿನಲ್ಲಿ ನಿಂತ ಆಯಿಲನ್ನು ಇಂಜಿನ್ ಒಮ್ಮೆಲೇ ಎಳೆದುಕೊಂಡರೆ ಕೀ ತೆಗೆದರೂ ನಿಲ್ಲದೆ ರೇಸ್ ಆಗುತ್ತದೆ. ಹಾಗಾದರೆ ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಕಟ್ಟಿಹಾಕಿ. ಗಾಳಿ ಬಾಯಿಗೆ ಕೈ ಅಡ್ಡ ಕೊಡಬೇಡಿ.

ಪ್ರಶ್ನೆ: ಬಿಎಸ್ 6 ಪಿಕಪ್. ಹಾಸನದೊಳಗೆ ತರಕಾರಿ ಹಾಕುತ್ತೇವೆ. ಆಯಿಲ್ ಹಾಕದೆಯೇ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದೆ, ಡೀಸೆಲ್ ವಾಸನೆ ಬರುತ್ತಿದೆ.
– ಓದುಗರು, ಹಾಸನ

ಉತ್ತರ: ಆಯಿಲಿಗೆ ಡೀಸೆಲ್ ಸೇರುತ್ತಿದೆ. ಬಿಎಸ್ 6 ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ತುಂಬಿದಾಗ ಅದನ್ನು ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಕೆಲವು ಕಿ.ಮೀ.ಗೊಮ್ಮೆ ನಿಲ್ಲಿಸಿದರೆ ಸುಡುವುದು ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಸಂಪ್ ಸೇರುತ್ತದೆ. ಮ್ಯಾಕ್ಸ್ ಗೆರೆ ದಾಟಿದ್ದರೆ ಇಂದೇ ಆಯಿಲ್, ಫಿಲ್ಟರ್ ಬದಲಿಸಿ. ತೆಳುವಾದ ಆಯಿಲ್ ಟರ್ಬೊ ಬೇರಿಂಗ್ ತಿನ್ನುತ್ತದೆ. ಡಿಪಿಎಫ್‌ಗೆಂದೇ ಇರುವ ಕಡಿಮೆ ಬೂದಿಯ ಆಯಿಲನ್ನೇ ಹಾಕಿ, ಗ್ರೇಡ್ ಗಾಡಿಯ ಪುಸ್ತಕದಲ್ಲಿದೆ. ಡಿಪಿಎಫ್ ದೀಪ ಹತ್ತಿದರೆ ಚನ್ನರಾಯಪಟ್ಟಣದ ಕಡೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ 20 ನಿಮಿಷ ಓಡಿಸಿ, ನಡುವೆ ನಿಲ್ಲಿಸಬೇಡಿ. ಹೀಗೆ ಮಾಡಿಯೂ ಮಟ್ಟ ಏರಿದರೆ ಇಂಜೆಕ್ಟರ್ ಸೋರಿಕೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬೆಳಿಗ್ಗೆ ಎಷ್ಟು ಹೊತ್ತು ಐಡಲಿನಲ್ಲಿ ಬಿಡಬೇಕು? ಚಾರ್ಮಾಡಿ ಹತ್ತಿ ಬಂದು ತಕ್ಷಣ ಆಫ್ ಮಾಡಬಹುದೇ?
– ಓದುಗರು, ಕೊಟ್ಟಿಗೆಹಾರ

ಉತ್ತರ: ಬೆಳಿಗ್ಗೆ ಅರ್ಧದಿಂದ ಒಂದು ನಿಮಿಷ ಸಾಕು. ಹತ್ತು ನಿಮಿಷ ನಿಲ್ಲಿಸಿಟ್ಟರೆ ಇಂಜಿನ್ ಸರಿಯಾಗಿ ಬಿಸಿಯಾಗುವುದೂ ಇಲ್ಲ, ಮಸಿ ಮಾತ್ರ ಕಟ್ಟುತ್ತದೆ. ಆಮೇಲೆ ನಾಲ್ಕೈದು ಕಿ.ಮೀ. 2,000 ಆರ್‌ಪಿಎಂ ಒಳಗೆ, ಆಕ್ಸಿಲರೇಟರ್ ಹದವಾಗಿ ತುಳಿದು ಓಡಿಸಿ. ಘಾಟಿ ಹತ್ತಿ ಬಂದು ತಕ್ಷಣ ಆಫ್ ಮಾಡಿದರೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಕಲಾಗುತ್ತದೆ. ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ. ಕೊನೆಯ ಒಂದೆರಡು ಕಿ.ಮೀ. ನಿಧಾನಕ್ಕೆ ಬಂದಿದ್ದರೆ ಅಷ್ಟೂ ಕಾಯಬೇಕಿಲ್ಲ.