ನಿದ್ದೆಯನ್ನು ತುಂಡು ಮಾಡುವ ಸವಾಲು: 23 ದಿನ ಮಾಡಿ ಬಿಟ್ಟವನ ಉತ್ತರ

ನಮಸ್ಕಾರ. ಮುಂದಿನ ತಿಂಗಳು ಎರಡು ವಾರ ರಜೆ ಇದೆ ಅಂದಿದ್ದೀರಿ. ನಾಲ್ಕು ಗಂಟೆಗೊಮ್ಮೆ 20 ನಿಮಿಷ, ಹೀಗೆ ದಿನಕ್ಕೆ ಆರು ಸಲ ಮಲಗಿ, ಒಟ್ಟು ಎರಡೇ ಗಂಟೆ ನಿದ್ದೆಯಲ್ಲಿ 30 ದಿನ ಇರುವ ಸವಾಲು ಹಾಕಿಕೊಂಡಿದ್ದೀರಿ. ಯಾರಾದರೂ ಮಾಡಿದ್ದೀರಾ ಅಂತ ನಿಮ್ಮ ಪ್ರಶ್ನೆ. ಇದನ್ನು 'ಉಬರ್‌ಮ್ಯಾನ್' ಅಂತ ಕರೆಯುತ್ತಾರೆ. ಅದನ್ನು ನಾನು ಮಾಡಿಲ್ಲ. ಅದರ ತಮ್ಮ ಅನ್ನಬಹುದಾದ 'ಎವ್ರಿಮ್ಯಾನ್' ಮಾಡಿದ್ದೇನೆ. ರಾತ್ರಿ ಮೂರೂವರೆ ಗಂಟೆ, ಆಮೇಲೆ 20 ನಿಮಿಷದ ಮೂರು ಕೋಳಿನಿದ್ದೆ. 23 ದಿನ ಎಳೆದು ಬಿಟ್ಟುಬಿಟ್ಟೆ. ಹಾಗಾಗಿ ಇದರಲ್ಲಿ ಅರ್ಧ ಪಟ್ಟ ಪಾಡು, ಅರ್ಧ ಆಮೇಲೆ ಕೂತು ಓದಿಕೊಂಡದ್ದು.

ಎರಡು ಗಂಟೆಯದ್ದು ಬೇಡ. ಆರೋಗ್ಯದ ಮಾತು ಆಮೇಲೆ, ಮೊದಲು ಲೆಕ್ಕ ನೋಡಿ. ರಜೆ 14 ದಿನ, ಸವಾಲು 30 ದಿನ. ನಿದ್ದೆಯ ಸಾಲ ಚೆನ್ನಾಗಿ ಬೆಳೆದ ಹೊತ್ತಿಗೆ ಸರಿಯಾಗಿ ನೀವು ಕೆಲಸಕ್ಕೆ ವಾಪಸ್ ಹೋಗಬೇಕು. ಅಲ್ಲೂ ನಾಲ್ಕು ಗಂಟೆಗೊಮ್ಮೆ ಮಲಗಬೇಕು. ಒಂದು ಮೀಟಿಂಗ್ ಎಳೆದರೆ ಸರದಿ ಹೋಯಿತು. ಒಂದು ಸರದಿ ಹೋದರೆ ಆ ದಿನದ ನಿದ್ದೆಯಲ್ಲಿ ಆರನೇ ಒಂದು ಪಾಲು ಹೋದ ಹಾಗೆ.

ನನ್ನ ಕಥೆ ಹೀಗಾಯಿತು. ರಾತ್ರಿ 11ಕ್ಕೆ ಮಲಗಿ 2.30ಕ್ಕೆ ಏಳುತ್ತಿದ್ದೆ. ಬೆಳಗ್ಗೆ 6.30, ಮಧ್ಯಾಹ್ನ 12.30, ಸಂಜೆ 6ಕ್ಕೆ ಕೋಳಿನಿದ್ದೆ. ಮೊದಲ ಮೂರು ದಿನ ಭಾರಿ ಹುರುಪು. ಎಲ್ಲರೂ ಮಲಗಿರುವಾಗ ನನಗೊಬ್ಬನಿಗೇ ಮೂರು ಗಂಟೆ ಜಾಸ್ತಿ ಸಿಕ್ಕಿದೆ ಅಂತ ಬೀಗಿದೆ. ನಾಲ್ಕನೇ ದಿನದಿಂದ ಅಲಾರಂ ಕೇಳಿಸುವುದೇ ನಿಂತಿತು. ಕೇಳಿಸಿದರೂ ಯಾವಾಗ ಕೈ ಚಾಚಿ ಆರಿಸಿದೆ ಅನ್ನುವುದು ನೆನಪಿರುತ್ತಿರಲಿಲ್ಲ. ಕಣ್ಣಲ್ಲಿ ಮರಳು ಹಾಕಿದ ಹಾಗೆ. ಒಂಬತ್ತನೇ ದಿನ ಮಂಪರು ಇಳಿಯಿತು. ನೋಟ್‌ಬುಕ್ಕಿನಲ್ಲಿ 'ಒಗ್ಗಿತು' ಅಂತ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಪುಣ್ಯಕ್ಕೆ ಇನ್ನೊಂದು ಲೆಕ್ಕವನ್ನೂ ಇಡುತ್ತಿದ್ದೆ. ದಿನಾ ಒಂದೇ ಹೊತ್ತಿಗೆ ಹತ್ತು ನಿಮಿಷದ ಒಂದು ಪರೀಕ್ಷೆ. ಪರದೆ ಖಾಲಿ ಇರುತ್ತದೆ, ಯಾವಾಗಲೋ ಒಮ್ಮೆ ಅಂಕಿ ಮೂಡುತ್ತದೆ, ಕಂಡ ತಕ್ಷಣ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಅದು ಒಂದು 'ತಪ್ಪು'. ಎಚ್ಚರ ಅಳೆಯಲು ನಿದ್ದೆಯ ಸಂಶೋಧಕರು ಬಳಸುವುದೂ ಇಂಥದ್ದನ್ನೇ. ಶುರು ಮಾಡುವ ಮುಂಚಿನ ವಾರ ನನ್ನದು ದಿನಕ್ಕೆ ಒಂದೋ ಎರಡೋ ತಪ್ಪು. ಹನ್ನೆರಡನೇ ದಿನ ಹದಿನಾಲ್ಕು. ಅದೇ ದಿನದ ಪುಟದಲ್ಲಿ ನಾನು ಬರೆದಿರುವುದು ಏನು ಗೊತ್ತಾ? 'ಇವತ್ತು ತಲೆ ಚುರುಕಾಗಿದೆ.' ಎರಡೂ ಒಂದೇ ಹಾಳೆಯಲ್ಲಿ, ನನ್ನದೇ ಅಕ್ಷರದಲ್ಲಿ. ಆ ಹಾಳೆ ನೋಡಿ ನಿಜವಾಗಿ ಹೆದರಿದೆ.

ಇದು ನನ್ನೊಬ್ಬನ ದಡ್ಡತನ ಅಲ್ಲ ಅಂತ ಆಮೇಲೆ ಗೊತ್ತಾಯಿತು. 2003ರಲ್ಲಿ ಪ್ರಕಟವಾದ ವ್ಯಾನ್ ಡಾಂಗನ್ ಮತ್ತು ಜೊತೆಗಾರರ ಪ್ರಯೋಗ ಇದೆ. ಆರೋಗ್ಯವಂತರನ್ನು ಗುಂಪು ಮಾಡಿ 14 ದಿನ ಒಂದು ಗುಂಪಿಗೆ ನಾಲ್ಕು, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಎಂಟು ಗಂಟೆ ಮಲಗಲು ಬಿಟ್ಟರು. ನಾಲ್ಕು ಮತ್ತು ಆರು ಗಂಟೆಯವರ ಎಚ್ಚರ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಆದರೆ 'ಎಷ್ಟು ನಿದ್ದೆ ಬರುತ್ತಿದೆ' ಅಂತ ಕೇಳಿದಾಗ ಅವರು ಕೊಟ್ಟ ಉತ್ತರ ಮೊದಲ ಕೆಲವು ದಿನ ಏರಿ, ಆಮೇಲೆ ಹೆಚ್ಚು ಏರಲಿಲ್ಲ. ನಾನು 'ಒಗ್ಗಿತು' ಅಂತ ಬರೆದದ್ದೂ ಇದೇ.

ಯಾಕೆ ಒಗ್ಗುವುದಿಲ್ಲ ಅನ್ನುವುದಕ್ಕೆ ಸ್ವಲ್ಪ ವಿವರ. ರಾತ್ರಿ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆ ಮೊದಲ ಸುತ್ತುಗಳಲ್ಲಿ ಜಾಸ್ತಿ. ರೆಮ್ ಅನ್ನುವ, ಕನಸು ತುಂಬಿರುವ ನಿದ್ದೆ ಬೆಳಗಿನ ಜಾವಕ್ಕೆ ಜಾಸ್ತಿ. 20 ನಿಮಿಷದಲ್ಲಿ ಒಂದು ಸುತ್ತೂ ಮುಗಿಯುವುದಿಲ್ಲ. 'ಮಿದುಳು ಕಲಿತುಕೊಂಡು ನೇರ ರೆಮ್‌ಗೆ ಜಿಗಿಯುತ್ತದೆ' ಅಂತ ಉಬರ್‌ಮ್ಯಾನ್ ಮಂದಿ ಹೇಳುತ್ತಾರೆ. ನಿದ್ದೆಗೆಟ್ಟವರು ಬೇಗ ರೆಮ್‌ಗೆ ಇಳಿಯಬಹುದು, ನಿಜ. ಆದರೆ ಅದು ನಿದ್ದೆಯ ಹಸಿವು, ಕಲಿಕೆ ಅಲ್ಲ. ಎರಡು ಗಂಟೆಯೊಳಗೆ ಗಾಢ ನಿದ್ದೆಯೂ ರೆಮ್ ಕೂಡ ಸಾಕಷ್ಟು ಹಿಡಿಸಲು ಜಾಗವೇ ಇಲ್ಲ.

ಇನ್ನೊಂದು, ಮೈಯ ಗಡಿಯಾರ. ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇದನ್ನು ಸರಳವಾಗಿ ಎರಡು ಭಾಗ ಮಾಡಿ ಹೇಳಿದರು. ಎಚ್ಚರ ಇದ್ದಷ್ಟು ಹೊತ್ತೂ ನಿದ್ದೆಯ ಒತ್ತಡ ಕೂಡುತ್ತಾ ಹೋಗುತ್ತದೆ. ಅದರ ಜೊತೆಗೆ 24 ಗಂಟೆಯ ಗಡಿಯಾರವೊಂದು ತನ್ನ ಪಾಡಿಗೆ ಓಡುತ್ತಿರುತ್ತದೆ. ಒತ್ತಡವನ್ನು ಕೋಳಿನಿದ್ದೆಯಿಂದ ಸ್ವಲ್ಪ ಇಳಿಸಬಹುದು. ಗಡಿಯಾರವನ್ನು ಆರು ತುಂಡು ಮಾಡಲು ಆಗುವುದಿಲ್ಲ. ರಾತ್ರಿ ಮಲಗುವವರ ಮೈಯ ಬಿಸಿ ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ತೀರಾ ಇಳಿದಿರುತ್ತದೆ. ಈ ಸವಾಲಿನಲ್ಲಿ ಸೋತವರ ಬರಹ ಓದಿ ನೋಡಿ, ಬಹಳ ಜನ ಜಾರಿದ್ದು ಆ ಹೊತ್ತಿಗೇ.

ದೊಡ್ಡವರ ಹೆಸರು ಹೇಳಿ ಹುರಿದುಂಬಿಸುವವರು ಸಿಗುತ್ತಾರೆ. ಲಿಯೊನಾರ್ಡೊ ಡಾ ವಿಂಚಿ ಹೀಗೆ ಮಲಗುತ್ತಿದ್ದ ಅನ್ನುವುದು ಬರೀ ದಂತಕಥೆ, ನಂಬುವಂಥ ದಾಖಲೆ ಇಲ್ಲ. ಅಮೆರಿಕದ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಆರು ಗಂಟೆಗೊಮ್ಮೆ ಅರ್ಧ ಗಂಟೆ ಮಲಗುತ್ತಿದ್ದ ಅಂತ 1943ರಲ್ಲಿ ಟೈಮ್ ಪತ್ರಿಕೆ ಬರೆದದ್ದು ಹೌದು. ಜೊತೆಗೆ ಕೆಲಸ ಮಾಡುವವರು ಎಲ್ಲರ ಹಾಗೆ ಮಲಗುವ ಮಂದಿ, ಅವರೊಂದಿಗೆ ಹೊಂದಲಿಲ್ಲ, ಅದಕ್ಕೇ ಬಿಟ್ಟ ಅಂತಲೂ ಅದೇ ವರದಿಯಲ್ಲಿದೆ. ಇನ್ನು ಒಬ್ಬರೇ ಹಾಯಿದೋಣಿ ನಡೆಸುವವರು. ಎಲೆನ್ ಮ್ಯಾಕ್ ಆರ್ಥರ್ 2005ರಲ್ಲಿ 71 ದಿನದಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದಾಗ ಚೂರುಚೂರಾಗಿಯೇ ಮಲಗಿದ್ದರು. ಅಂಥ ನಾವಿಕರ ನಿದ್ದೆಯನ್ನು ಸಂಶೋಧಕ ಕ್ಲಾಡಿಯೊ ಸ್ಟಾಂಪಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆದರೆ ನಾವಿಕರು ಹಾಗೆ ಮಲಗುವುದು ದೋಣಿಯನ್ನು ಸುಮ್ನೆ ಬಿಡಲು ಆಗದ್ದಕ್ಕೆ. ಸಮಯ ಉಳಿಸುವುದಕ್ಕಲ್ಲ. ಎಳೆಗೂಸಿನ ತಾಯಂದಿರನ್ನು ಕೇಳಿ, ಈ ಸವಾಲನ್ನು ದುಡ್ಡು ಕೊಟ್ಟರೂ ಬೇಡ ಅನ್ನುತ್ತಾರೆ. ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಷನ್ ಕೂಡಿಸಿದ ತಜ್ಞರು 2021ರಲ್ಲಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ನೋಡಿ, ಇಂಥ ವೇಳಾಪಟ್ಟಿಯಿಂದ ಲಾಭವಿದೆ ಅನ್ನುವುದಕ್ಕೆ ಆಧಾರ ಇಲ್ಲ, ಮಾಡಬೇಡಿ ಅಂತಲೇ ಹೇಳಿದ್ದಾರೆ.

ಉಳಿದ ಸಮಯದ ಕಥೆ ಕೇಳಿ. ಮೊದಲ ವಾರ ಆ ಮೂರು ಗಂಟೆಯಲ್ಲಿ ಓದಿದೆ, ಬರೆದೆ. ಆಮೇಲೆ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ. ಕೊನೆಯ ವಾರ ಪೂರ್ತಿ ಫೋನ್ ತೀಡುತ್ತಾ ಕೂತೆ. ಅಪರಾತ್ರಿ ಮೂರಕ್ಕೆ ಸಪ್ಪಳ ಮಾಡುವ ಹಾಗಿಲ್ಲ, ಯಾರಿಗೂ ಕರೆ ಮಾಡುವ ಹಾಗಿಲ್ಲ. 23ನೇ ದಿನ ಬಕೆಟ್ಟಿಗೆ ನಲ್ಲಿ ತಿರುಗಿಸಿ ಪಕ್ಕದಲ್ಲೇ ನಿಂತಿದ್ದೆ. ಕಾಲು ತಣ್ಣಗಾದಾಗ ನೋಡಿದರೆ ನೀರು ಬಾಗಿಲು ದಾಟಿ ಹೊರಗೆ ಹೋಗಿದೆ. ನಿಂತಲ್ಲೇ ನಿದ್ದೆ, ಕಣ್ಣು ತೆರೆದೇ ಇತ್ತೋ ಏನೋ. ಸದ್ಯ ನಲ್ಲಿ, ಸ್ಟೀರಿಂಗ್ ಅಲ್ಲ. ಅವತ್ತೇ ನಿಲ್ಲಿಸಿದೆ. ಆ ರಾತ್ರಿ ಹನ್ನೊಂದು ಗಂಟೆ ಮಲಗಿದೆ. ಆದರೆ ಪರೀಕ್ಷೆಯ ತಪ್ಪು ಮತ್ತೆ ಎರಡಕ್ಕೆ ಇಳಿಯಲು ಒಂಬತ್ತು ದಿನ ಹಿಡಿಯಿತು.

ಆದರೂ ನಿದ್ದೆಯ ಮೇಲೆ ಏನಾದರೂ ಪ್ರಯೋಗ ಮಾಡಲೇಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಎರಡು ತುಂಡು ಮಾಡಿ, ಆದರೆ ಒಟ್ಟು ಕಡಿಮೆ ಮಾಡಬೇಡಿ. ರಾತ್ರಿ ಆರೂಮುಕ್ಕಾಲು ಗಂಟೆ, ಮಧ್ಯಾಹ್ನ ಒಂದರಿಂದ ಮೂರರೊಳಗೆ ಒಂದು ಸಣ್ಣ ನಿದ್ದೆ. ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ಬೇಕು, ಅದರ ಕೆಳಗೆ ಇಳಿಯಬೇಡಿ. ಇದರಲ್ಲೂ ಕುತೂಹಲಕ್ಕೆ ಬೇಕಾದಷ್ಟು ಇದೆ. ಥಾಮಸ್ ವೇರ್ ಅನ್ನುವವರು 1990ರ ದಶಕದ ಶುರುವಿನಲ್ಲಿ ಜನರನ್ನು ದಿನಾ 14 ಗಂಟೆ ಕತ್ತಲಲ್ಲಿ ಇಟ್ಟು ನೋಡಿದರು. ಕೆಲವು ವಾರದಲ್ಲಿ ಅವರ ನಿದ್ದೆ ತಾನಾಗಿಯೇ ಎರಡು ಭಾಗವಾಯಿತು, ನಡುವೆ ಒಂದಷ್ಟು ಹೊತ್ತು ನೆಮ್ಮದಿಯ ಎಚ್ಚರ. ಒಟ್ಟು ನಿದ್ದೆ ಮಾತ್ರ ಎಂಟು ಗಂಟೆಯ ಹತ್ತಿರವೇ ಇತ್ತು.

ಮಧ್ಯಾಹ್ನದ್ದು 20 ನಿಮಿಷಕ್ಕೆ ನಿಲ್ಲಿಸಿ, ಇಲ್ಲವೇ 90 ನಿಮಿಷ ಪೂರ್ತಿ ಮಲಗಿ. ನಡುವೆ ಎದ್ದರೆ ಗಾಢ ನಿದ್ದೆಯಿಂದ ಎಳೆದು ತಂದ ಹಾಗಾಗಿ ಅರ್ಧ ಗಂಟೆ ತಲೆ ಓಡುವುದಿಲ್ಲ. ಕೋಣೆ ಕತ್ತಲಿರಲಿ, ಅಲಾರಂ ಎದ್ದು ಹೋಗಿ ಆರಿಸುವಷ್ಟು ದೂರ ಇರಲಿ. ನಿದ್ದೆ ಹತ್ತದಿದ್ದರೂ ಕಣ್ಣು ಮುಚ್ಚಿ ಬಿದ್ದುಕೊಳ್ಳಿ, ಕೆಲವು ದಿನದಲ್ಲಿ ಜೊಂಪು ತಾನಾಗಿ ಬರಬಹುದು. ಕಾಫಿ ಮಧ್ಯಾಹ್ನಕ್ಕೆ ಮುಗಿಸಿ. ಕೆಫೀನಿನ ಅರ್ಧ ಭಾಗ ಐದು ಗಂಟೆಯ ಮೇಲೂ ಮೈಯಲ್ಲೇ ಇರುತ್ತದೆ.

ರಜೆಗೆ ಮುಂಚಿನ ಒಂದು ವಾರ ಏನೂ ಬದಲಾಯಿಸದೆ ಬರೀ ಅಳೆಯಿರಿ: ಮಲಗಿದ್ದು, ಎದ್ದದ್ದು, ಪರೀಕ್ಷೆಯ ತಪ್ಪು. ಈ ವಾರ ಬಿಟ್ಟರೆ ಆಮೇಲಿನ ಅಂಕಿಗಳಿಗೆ ಅರ್ಥವೇ ಇಲ್ಲ. ನಿಲ್ಲಿಸುವ ಷರತ್ತನ್ನೂ ಈಗಲೇ ಬರೆಯಿರಿ. ಎರಡು ದಿನ ಸತತ ತಪ್ಪು ಮೂರು ಪಟ್ಟಾದರೆ, ಕೂತಲ್ಲಿ ಒಮ್ಮೆಯಾದರೂ ತೂಕಡಿಸಿದರೆ, ಸುಮ್ಮಸುಮ್ಮನೆ ಸಿಡುಕಿದರೆ ಅವತ್ತೇ ಬಂದ್. ಆ ಚೀಟಿಯನ್ನು ಮನೆಯವರ ಕೈಗೆ ಕೊಡಿ. ನನ್ನದು ಅಕ್ಕನ ಹತ್ತಿರ ಇದ್ದಿದ್ದರೆ ಹನ್ನೆರಡನೇ ದಿನಕ್ಕೇ ಮುಗಿಯುತ್ತಿತ್ತು. ನನ್ನ ಹತ್ತಿರವೇ ಇತ್ತು, ಹಾಗಾಗಿ ಇನ್ನೂ ಹನ್ನೊಂದು ದಿನ ನನಗೆ ನಾನೇ ಮಾಫಿ ಕೊಟ್ಟುಕೊಂಡೆ.

ಪ್ರಯೋಗ ಮುಗಿಯುವವರೆಗೆ ಗಾಡಿ ಓಡಿಸಬೇಡಿ. 17 ಗಂಟೆ ಸತತ ಎಚ್ಚರ ಇದ್ದವರ ಕೈಕಣ್ಣಿನ ಹಿಡಿತ ರಕ್ತದಲ್ಲಿ 0.05% ಮದ್ಯ ಇರುವವರ ಹಾಗಿರುತ್ತದೆ ಅಂತ 1997ರಲ್ಲೇ ತೋರಿಸಿದ್ದಾರೆ. ಹದಿನೆಂಟು ತುಂಬದವರು, ಗರ್ಭಿಣಿಯರು, ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಸು ಅತಿ ಹುರುಪು, ಅತಿ ಕುಗ್ಗುವಿಕೆಯ ನಡುವೆ ಓಲಾಡುವ ಕಾಯಿಲೆ) ಇರುವವರು ನಿದ್ದೆ ಕಡಿಮೆ ಮಾಡುವ ಯಾವ ಆಟಕ್ಕೂ ಕೈ ಹಾಕಬಾರದು. ನಿದ್ದೆಗೆಟ್ಟರೆ ಇವೆರಡೂ ಕಾಯಿಲೆ ಕೆರಳುತ್ತವೆ.

ಪರೀಕ್ಷೆಗೆ ಯಾವ ಆ್ಯಪ್ ಆದರೂ ಸರಿ, ಪ್ರತಿದಿನ ಅದೇ ಫೋನ್, ಅದೇ ಬೆರಳು, ಅದೇ ಹೊತ್ತು ಇರಲಿ. ಮೊದಲ ವಾರದ ಅಂಕಿ ಬಂದ ಮೇಲೆ ಇಲ್ಲೇ ಹಾಕಿ. ನನ್ನ ಹನ್ನೆರಡನೇ ದಿನದ ಹಾಳೆಯ ಫೋಟೊ ಸಂಜೆ ಹಾಕುತ್ತೇನೆ. ಅಕ್ಷರ ಓದಲು ಬರದಿದ್ದರೆ ಬೈಯಬೇಡಿ, ಆಗ ಅದು ಚೆನ್ನಾಗಿದೆ ಅಂದುಕೊಂಡಿದ್ದೆ.