ಪಟ್ಟಿ ಮೇಲೆ, ಪತ್ರ ಕೆಳಗೆ: ಟರ್ಮಿನಲ್ ಪರದೆಯನ್ನು ಎಲ್ಲಿ ಭಾಗ ಮಾಡಬೇಕು?

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ಮತ್ತು ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ನನ್ನ ಹಳೆಯ ಲ್ಯಾಪ್‌ಟಾಪ್ ಬ್ರೌಸರ್ ತೆರೆದರೆ ತತ್ತರಿಸುವುದರಿಂದ, ಲಿನಕ್ಸ್ ಹಾಕಿಸಿಕೊಂಡು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಬರೀ ಅಕ್ಷರಗಳ ಕಿಟಕಿಯಲ್ಲಿ, ನಡೆಯುವ ಮಟ್ (mutt) ಎಂಬ ತಂತ್ರಾಂಶದಲ್ಲಿ ಇಮೇಲ್ ನೋಡುವುದನ್ನು ಕಲಿತಿದ್ದೇನೆ. ಆದರೆ ಪತ್ರ ತೆರೆದೊಡನೆ ಪತ್ರಗಳ ಪಟ್ಟಿ ಮರೆಯಾಗುತ್ತದೆ. ಉತ್ತರ ಬರೆಯಲು ಕುಳಿತರೆ, ಖರೀದಿದಾರರು ಹಿಂದಿನ ವಾರ ಕಳಿಸಿದ್ದ ಚೀಲಗಳ ಲೆಕ್ಕವೂ ದರವೂ ಕಣ್ಣೆದುರು ಇರುವುದಿಲ್ಲ. ಟರ್ಮಿನಲ್ ಪರದೆಯನ್ನು ಭಾಗ ಮಾಡುವ ಟೀಮಕ್ಸ್ (tmux) ಎಂಬ ತಂತ್ರಾಂಶ ಬಳಸಿ ಎಂದು ಒಬ್ಬರು, ಮಟ್‌ನಲ್ಲೇ ಆ ಸೌಲಭ್ಯವಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಕೇಳಿ, ಏಕೆಂದರೆ ನಿಮ್ಮ ತೊಂದರೆ ಒಂದಲ್ಲ, ಎರಡು. ಓದುವಾಗ ಪಟ್ಟಿ ಕಾಣದಿರುವುದು ಮೊದಲನೆಯದು. ಅದಕ್ಕೆ ಮಟ್‌ನೊಳಗೇ ಪರಿಹಾರವಿದೆ. ಬರೆಯುವಾಗ ಬೇರೊಂದು ಪತ್ರ ಕಾಣದಿರುವುದು ಎರಡನೆಯದು; ಅದಕ್ಕೆ ಪರದೆಯನ್ನು ಹೊರಗಿನಿಂದಲೇ ಭಾಗ ಮಾಡಬೇಕು. ಇವೆರಡನ್ನೂ ಒಂದೇ ಎಂದು ಭಾವಿಸಿ ಟೀಮಕ್ಸ್‌ನಲ್ಲಿ ನಾಲ್ಕಾರು ತುಂಡು ಮಾಡಿಕೊಂಡು, ಯಾವುದರಲ್ಲೂ ಪೂರ್ತಿ ಸಾಲು ಓದಲಾಗದೆ ಒದ್ದಾಡುವವರನ್ನು ನಾನು ಬಹಳ ನೋಡಿದ್ದೇನೆ.

ಮೊದಲು ಓದುವ ವಿಚಾರ. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಮಟ್ ಬರೆದ ಕಾಲಕ್ಕೆ ಟರ್ಮಿನಲ್ ಎಂದರೆ 80 ಅಕ್ಷರ ಅಗಲ, 24 ಸಾಲು ಎತ್ತರ ಎಂಬುದೇ ವಾಡಿಕೆಯಾಗಿತ್ತು. ಪತ್ರದ ಮೇಲ್ಭಾಗದಲ್ಲಿ ಪಟ್ಟಿಯ ಕೆಲವು ಸಾಲುಗಳನ್ನು ಉಳಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ, ಆದರೆ ಮೂಲದಲ್ಲಿ ಆ ಸಂಖ್ಯೆ ಸೊನ್ನೆಯಾಗಿರುವುದರಿಂದ ಹೊಸಬರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಮಟ್‌ಆರ್‌ಸಿ ಎಂಬ ಫೈಲನ್ನು ತೆರೆದು, ಸೆಟ್ ಎಂದು ಬರೆದು, ಜಾಗ ಬಿಟ್ಟು, ಪೇಜರ್, ಇಂಡೆಕ್ಸ್, ಲೈನ್ಸ್ ಎಂಬ ಮೂರು ಪದಗಳನ್ನು ಅಡಿಗೆರೆಗಳಿಂದ ಜೋಡಿಸಿ, ಸಮ ಚಿಹ್ನೆಯ ಮುಂದೆ 11 ಎಂದು ಹಾಕಿರಿ. ಇಲ್ಲಿ ಕನ್ನಡ ಲಿಪಿಯಲ್ಲಿದ್ದರೂ ಟೈಪ್ ಮಾಡುವುದೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಬೇಕು. ಹನ್ನೊಂದು ಸಾಲುಗಳಲ್ಲಿ ಒಂದನ್ನು ಸ್ಥಿತಿಪಟ್ಟಿ ನುಂಗುವುದರಿಂದ ಹತ್ತು ಪತ್ರಗಳು ಕಾಣುತ್ತವೆ. ಅಷ್ಟು ಪತ್ರಗಳು ಫೋಲ್ಡರಿನಲ್ಲಿ ಇರದಿದ್ದರೆ ಮಟ್ ತನಗೆ ಬೇಕಾದಷ್ಟೇ ಜಾಗ ತೆಗೆದುಕೊಂಡು ಉಳಿದದ್ದನ್ನು ಪತ್ರಕ್ಕೆ ಬಿಡುತ್ತದೆ.

ಇದಾದ ಮೇಲೆ ಪತ್ರ ತೆರೆದೇ ಇರುವಾಗ ಜೆ ಕೀಲಿ ಒತ್ತಿದರೆ ಮುಂದಿನ ಪತ್ರಕ್ಕೆ, ಕೆ ಒತ್ತಿದರೆ ಹಿಂದಿನದಕ್ಕೆ ಹೋಗುತ್ತದೆ. ಮೇಲಿನ ಕಿರುಪಟ್ಟಿಯಲ್ಲಿ ಗುರುತೂ ಜೊತೆಯಲ್ಲೇ ಸರಿಯುತ್ತದೆ. ಒಂದು ಎಚ್ಚರಿಕೆ: ಸ್ಪೇಸ್ ಒತ್ತುತ್ತಾ ಓದುವವರು ಪತ್ರದ ಕೊನೆ ಮುಟ್ಟಿದ್ದನ್ನು ಗಮನಿಸದೆ ಮತ್ತೊಮ್ಮೆ ಒತ್ತಿದರೆ, ಮುಂದಿನ ಪತ್ರ ತಾನಾಗಿ ತೆರೆದುಕೊಂಡು, ಓದದೇ ಇದ್ದ ಪತ್ರ ಓದಿದ್ದೆಂದು ಗುರುತಾಗಿಬಿಡುತ್ತದೆ. ವ್ಯಾಪಾರದ ಪತ್ರಗಳಲ್ಲಿ ಇದು ದುಬಾರಿ ತಪ್ಪು. ಅದೇ ಫೈಲಿನಲ್ಲಿ ಸೆಟ್ ಎಂದು ಬರೆದು, ಪೇಜರ್ ಮತ್ತು ಸ್ಟಾಪ್ ಎಂಬ ಪದಗಳನ್ನು ಅಡಿಗೆರೆಯಿಂದ ಜೋಡಿಸಿ ಸೇರಿಸಿದರೆ ಪತ್ರ ಮುಗಿದಲ್ಲೇ ನಿಲ್ಲುತ್ತದೆ.

ಇನ್ನು ಬರೆಯುವ ವಿಚಾರ. ಉತ್ತರಿಸಲು ಆರ್ ಒತ್ತಿದಾಗ ಮಟ್ ಪರದೆಯನ್ನೆಲ್ಲ ಪತ್ರ ಬರೆಯುವ ತಂತ್ರಾಂಶವಾದ ಎಡಿಟರಿಗೆ ಬಿಟ್ಟುಕೊಟ್ಟು ಹಿಂದೆ ಸರಿಯುತ್ತದೆ. ಉತ್ತರಿಸುತ್ತಿರುವ ಪತ್ರದ ಉದ್ಧರಣೆ ಅಲ್ಲಿ ಇರಬಹುದು, ಆದರೆ ಕಳೆದ ವಾರದ ದರಪಟ್ಟಿ ಇರುವುದಿಲ್ಲ. ಟೀಮಕ್ಸ್ ಬೇಕಾಗುವುದು ಇಲ್ಲಿಯೇ. ಟೀಮಕ್ಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಅದರೊಳಗೆ ಮಟ್ ತೆರೆಯಿರಿ. ಕಂಟ್ರೋಲ್ ಹಿಡಿದು ಬಿ ಒತ್ತಿ, ಎರಡನ್ನೂ ಬಿಟ್ಟು, ಶೇಕಡಾ ಚಿಹ್ನೆ ಒತ್ತಿದರೆ ಪರದೆ ಎಡ ಬಲ ಎಂದು ಎರಡಾಗುತ್ತದೆ. ಹೊಸ ಭಾಗದಲ್ಲಿ ಇನ್ನೊಂದು ಮಟ್ ತೆರೆಯಿರಿ, ಆದರೆ ಅದರ ಹೆಸರಿನ ನಂತರ ಜಾಗ ಬಿಟ್ಟು ಒಂದು ಅಡ್ಡಗೆರೆಯನ್ನೂ ದೊಡ್ಡ ಆರ್ ಅಕ್ಷರವನ್ನೂ ಸೇರಿಸಿ. ಆಗ ಆ ಮಟ್ ಓದಲಷ್ಟೇ ತೆರೆದುಕೊಳ್ಳುತ್ತದೆ. ಅಲ್ಲಿ ಏನು ಒತ್ತಿದರೂ ಪತ್ರ ಅಳಿಯುವುದಿಲ್ಲ, ಗುರುತು ಬದಲಾಗುವುದಿಲ್ಲ. ಒಂದೇ ಅಂಚೆಪೆಟ್ಟಿಗೆಯನ್ನು ಎರಡು ಕಡೆ ತೆರೆದಾಗ ಈ ಎಚ್ಚರ ಇರಲೇಬೇಕು. ಭಾಗದಿಂದ ಭಾಗಕ್ಕೆ ಹೋಗಲು ಅದೇ ಕಂಟ್ರೋಲ್ ಬಿ ನಂತರ ಬಾಣದ ಕೀಲಿ.

ಎಡ ಬಲ ಎಂದು ಹೇಳುವುದಕ್ಕೆ ಕಾರಣವಿದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವ 1366 ಮತ್ತು 768 ಪಿಕ್ಸೆಲ್ ಪರದೆಯಲ್ಲಿ, ಅಕ್ಷರವೊಂದಕ್ಕೆ 8 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ ಎಂದು ಹಿಡಿದರೆ, ಸುಮಾರು 170 ಅಕ್ಷರ ಅಗಲ, 48 ಸಾಲು ಸಿಗುತ್ತದೆ. ಅಗಲವನ್ನು ಎರಡು ಮಾಡಿ ಗೆರೆಗೆ ಒಂದು ಅಕ್ಷರದ ಜಾಗ ಬಿಟ್ಟರೂ ಒಂದೊಂದು ಭಾಗಕ್ಕೆ 84 ಉಳಿಯುತ್ತದೆ. 80ರ ಪತ್ರ ಮುರಿಯದೆ ಕೂರುತ್ತದೆ. ಎತ್ತರವನ್ನು ಎರಡು ಮಾಡಿದರೆ 24 ಸಾಲೂ ದಕ್ಕುವುದಿಲ್ಲ, ಅದರಲ್ಲಿ ಕಿರುಪಟ್ಟಿಗೆ ಹನ್ನೊಂದು ಹೋದರೆ ಪತ್ರಕ್ಕೆ ಉಳಿಯುವುದು ಅಂಗೈಯಗಲದ ಜಾಗ. ಮೂರನೆಯ ಭಾಗ ಮಾಡುವ ಆಸೆಗೆ ಬೀಳಬೇಡಿ.

ಕೆಲವು ಲಿನಕ್ಸ್‌ಗಳಲ್ಲಿ ಮಟ್‌ನ ಸಿದ್ಧ ಸಂರಚನೆಯು ಪತ್ರದಲ್ಲಿರುವ ಕೊಂಡಿಗಳನ್ನು ತೆರೆಯಲು ಕಂಟ್ರೋಲ್ ಬಿಯನ್ನೇ ಬಳಸುತ್ತದೆ. ಹಾಗಿದ್ದರೆ ಅದನ್ನು ಎರಡು ಸಲ ಒತ್ತಬೇಕು. ಮೊದಲನೆಯದನ್ನು ಟೀಮಕ್ಸ್ ಇಟ್ಟುಕೊಂಡು ಎರಡನೆಯದನ್ನು ಮಟ್‌ಗೆ ದಾಟಿಸುತ್ತದೆ.

ಟರ್ಮಿನಲ್ ಕಿಟಕಿ ತಪ್ಪಿ ಮುಚ್ಚಿಹೋದರೂ ಟೀಮಕ್ಸ್ ಅಟ್ಯಾಚ್ ಎಂದು ಟೈಪ್ ಮಾಡಿದರೆ, ಅರ್ಧ ಬರೆದ ಉತ್ತರ ಇದ್ದಲ್ಲೇ ಸಿಗುತ್ತದೆ. ಇದನ್ನು ಕೇಳಿ ಕರೆಂಟ್ ಹೋದರೂ ಭಯವಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನಂದಿದರೆ ಟೀಮಕ್ಸ್ ಕೂಡ ಅದರ ಜೊತೆಯೇ ನಂದುತ್ತದೆ. ಎಡಿಟರಿನಲ್ಲಿ ಆಗಾಗ ಸೇವ್ ಮಾಡುವುದೊಂದೇ ಅದಕ್ಕೆ ದಾರಿ.

ಪ್ರಶ್ನೆ: ಬಳ್ಳಾರಿಯಲ್ಲಿ ಓದುತ್ತಿರುವ ವಿದ್ಯಾರ್ಥಿನಿ ನಾನು. ಹೀಗೆ ಭಾಗ ಮಾಡಿದ ಪರದೆಯಲ್ಲಿ ಕನ್ನಡ ಪತ್ರ ತೆರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ, ನಡುವಿನ ಗೆರೆ ಅಂಕುಡೊಂಕಾಗುತ್ತದೆ. ಏಕೆ?

ಉತ್ತರ: ಟರ್ಮಿನಲ್ ಎಂಬುದು ಚೌಕುಳಿ ಹಾಳೆಯಿದ್ದಂತೆ, ಒಂದೊಂದು ಮನೆಗೆ ಒಂದೊಂದು ಅಕ್ಷರ ಎಂಬುದು ಅದರ ಲೆಕ್ಕ. ನಿಮ್ಮ ಊರಿನ ಹೆಸರು ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡಿಗೆ ಏಳು ಸಂಕೇತ. ಇವು ಎಷ್ಟು ಮನೆ ಹಿಡಿಯುತ್ತವೆ ಎಂಬುದನ್ನು ಮಟ್, ಟೀಮಕ್ಸ್ ಮತ್ತು ಟರ್ಮಿನಲ್ ಮೂರೂ ಬೇರೆ ಬೇರೆಯಾಗಿ ಎಣಿಸುತ್ತವೆ, ಎಣಿಕೆ ತಾಳೆಯಾಗದ ಸಾಲಿನಲ್ಲಿ ಗೆರೆ ಪಕ್ಕಕ್ಕೆ ಜರುಗುತ್ತದೆ. ಲೊಕೇಲ್, ಅಂದರೆ ಲಿನಕ್ಸ್‌ನ ಭಾಷೆ ಮತ್ತು ಅಕ್ಷರಗಳ ಹೊಂದಿಕೆ, ಯೂನಿಕೋಡಿನ ಯುಟಿಎಫ್-8 ರೂಪದಲ್ಲಿರುವುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟುಕೊಂಡ ಎಂಎಲ್‌ಟರ್ಮ್ ಎಂಬ ಟರ್ಮಿನಲನ್ನು ಪ್ರಯತ್ನಿಸಿ. ಒತ್ತಕ್ಷರ ಅದರಲ್ಲಿ ಎಷ್ಟೋ ಮೇಲು. ಕನ್ನಡ ಪತ್ರ ಓದುವಷ್ಟು ಹೊತ್ತು ಕಂಟ್ರೋಲ್ ಬಿ ನಂತರ ಝಡ್ ಒತ್ತಿದರೆ ಆ ಒಂದು ಭಾಗವೇ ಪರದೆ ತುಂಬುತ್ತದೆ, ಕೆಡಲು ನಡುವೆ ಗೆರೆಯೇ ಇರುವುದಿಲ್ಲ. ಮತ್ತೆ ಅದನ್ನೇ ಒತ್ತಿದರೆ ಎರಡೂ ಭಾಗಗಳು ಮರಳುತ್ತವೆ.