ಫೋನ್ ಯಾರ ಕೈಯಲ್ಲಿದೆ?

ತಮ್ಮಾ,

ನಿನ್ನ ಕಥೆ ಓದಿದೆ. ವಿಜಯಪುರದ ಮೂವರು ಪಿಯುಸಿ ಹುಡುಗರು ಗೋಳಗುಮ್ಮಟ ಹತ್ತುತ್ತಾರೆ. ಅಲ್ಲಿ ಅವರಿಗೆ ಮುಟ್ಟದೇ ವಸ್ತು ಎತ್ತುವ ಶಕ್ತಿ ಬರುತ್ತದೆ. ಇಡೀ ಕಥೆ ಅವರ ಫೋನಿನಲ್ಲಿ ಸಿಕ್ಕ ವಿಡಿಯೊದ ರೂಪದಲ್ಲಿದೆ. 'ಕ್ರಾನಿಕಲ್' ಸಿನಿಮಾ ನೋಡಿ ಹೊಳೆದದ್ದು ಅಂತ ನೀನೇ ಬರೆದಿದ್ದೀಯ. ಹುಡುಗರ ಮಾತು ಚೆನ್ನಾಗಿದೆ, ನಮ್ಮ ಕಡೆಯ ಮಾತೇ ಅದು. ವೇಗವೂ ಇದೆ. ಆದರೆ ನಾಲ್ಕನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

"ಮೂವರೂ ಕೈ ಕೈ ಹಿಡಿದು ಮೇಲಕ್ಕೆ ಎದ್ದರು. ಕೆಳಗಿನ ಜನ ಚುಕ್ಕೆಗಳಂತೆ ಕಂಡರು."

ಮೂವರ ಕೈಯೂ ಖಾಲಿ ಇಲ್ಲ. ಫೋನ್ ಎಲ್ಲಿದೆ? ಎರಡು ಸಾಲಿನ ಹಿಂದೆ ಅದನ್ನು ಸಚಿನ್‌ನ ಜೇಬಿಗೆ ಹಾಕಿದ್ದೀಯ. ಜೇಬಿನೊಳಗಿಂದ ಕೆಳಗಿನ ಜನ ಹೇಗೆ ಕಂಡರು?

"ಅವನ ಎದೆಯಲ್ಲಿ ಹಳೆಯ ಅವಮಾನ ಕುದಿಯಿತು."

ಫೋನಿಗೆ ಎದೆಯೊಳಗಿನದು ಕಾಣಲ್ಲ. ಹಿಡಿದವನ ಕೈ ನಡುಗಿದರೆ ಚಿತ್ರ ಅಲುಗುತ್ತದೆ. ಉಸಿರು ಜೋರಾದರೆ ಅದು ರೆಕಾರ್ಡ್ ಆಗುತ್ತದೆ. ಅವಮಾನ ಮಾಡಿದವನ ಮುಖದ ಮೇಲೆ ಫೋನ್ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಲ್ಲಬಹುದು. ಇಷ್ಟೆಲ್ಲ ದಾರಿ ಇರುವಾಗ ಎದೆಯೊಳಗೆ ಯಾಕೆ ಹೋದೆ?

"ನಡುಮಧ್ಯಾಹ್ನ. ಗ್ಯಾಲರಿಯಲ್ಲಿ ಮೌನ. ಆಚೆ ಬದಿಯಿಂದ ಯಾರೋ 'ಓಡು' ಎಂದು ಪಿಸುಗುಟ್ಟಿದರು."

ಈ ಸಾಲು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ಮಾಡಿತು. ನೀನು ಇದೇ ಊರಿನವನು. ನಡುಮಧ್ಯಾಹ್ನ ಗುಮ್ಮಟದ ಒಳಗೆ ಸುತ್ತಲೂ ಇರುವ ಆ ಗ್ಯಾಲರಿಯಲ್ಲಿ ಮೌನ ಎಲ್ಲಿರುತ್ತದೆ? ಟ್ರಿಪ್ಪಿಗೆ ಬಂದ ಶಾಲೆ ಮಕ್ಕಳ ಕೂಗು, ಸೀಟಿ, ಚಪ್ಪಾಳೆ, ಒಂದೊಂದೂ ಮತ್ತೆ ಮತ್ತೆ ಮಾರ್ದನಿಸುತ್ತದೆ. ಪಿಸುಮಾತು ಕೇಳಬೇಕಾದರೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಏಳು ಅಂತಸ್ತು ಹತ್ತಬೇಕು. ಆಗ ಸುಮಾರು 38 ಮೀಟರ್ ಆಚೆ ಗೋಡೆಗೆ ಬಾಯಿಟ್ಟು ಆಡಿದ ಮಾತು ಗೋಡೆಗುಂಟ ಬಂದು ಈ ಬದಿಯವನ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಫೋನಿನ ಚಿತ್ರದಲ್ಲಿ ಗೆಳೆಯ ಬೆರಳಿನಷ್ಟು ಚಿಕ್ಕವನು, ಆದರೆ ಅವನ ದನಿ ಇಲ್ಲೇ, ಮೈಕಿನ ಹತ್ತಿರ. ಸಿಕ್ಕ ವಿಡಿಯೊದ ಕಥೆಗೆ ಇಂಥ ಜಾಗ ನಿನ್ನ ಮನೆ ಹತ್ತಿರವೇ ಇದೆ. ನೀನು ಅದನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆ.

2012ರ ಆ ಸಿನಿಮಾವನ್ನು ಇನ್ನೊಮ್ಮೆ ನೋಡು. ಹಾರಾಟ ಬಿಡು, ಕ್ಯಾಮೆರಾ ನೋಡು. ನಿರ್ದೇಶಕ ಜಾಶ್ ಟ್ರ್ಯಾಂಕ್ ಮೊದಲ ದೃಶ್ಯದಲ್ಲೇ ಹುಡುಗನಿಗೆ ಶೂಟ್ ಮಾಡಲು ಕಾರಣ ಕೊಡುತ್ತಾನೆ. ಬಾಗಿಲ ಆಚೆ ಕುಡಿದ ಅಪ್ಪ ಬಡಿಯುತ್ತಿದ್ದಾನೆ, ಈಚೆ ಆಂಡ್ರ್ಯೂ 'ನಾನು ಶೂಟ್ ಮಾಡ್ತಿದ್ದೀನಿ' ಅನ್ನುತ್ತಾನೆ. ಕ್ಯಾಮೆರಾ ಅವನಿಗೆ ಕಾವಲು. ಮೊದಮೊದಲು ಚಿತ್ರ ಅಲುಗಾಡುತ್ತದೆ. ಶಕ್ತಿ ಬೆಳೆದಂತೆ ಅವನು ಕ್ಯಾಮೆರಾವನ್ನೇ ಮನಸ್ಸಿನಿಂದ ಗಾಳಿಯಲ್ಲಿ ತೇಲಿಸುತ್ತಾನೆ. ಚಿತ್ರ ನಿಧಾನವಾಗುತ್ತದೆ, ಮೇಲಿನಿಂದ ನೋಡುತ್ತದೆ. ಅವನಲ್ಲಿ ಏನು ಬದಲಾಗುತ್ತಿದೆ ಅಂತ ಯಾರೂ ಹೇಳಬೇಕಿಲ್ಲ, ಅಲ್ವಾ? ಕೊನೆಗೆ ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರದಲ್ಲಿ ಪ್ರವಾಸಿಗರ ಫೋನು, ಕ್ಯಾಮೆರಾಗಳನ್ನೆಲ್ಲ ಕಿತ್ತು ತನ್ನ ಸುತ್ತ ತೇಲಿಸಿಕೊಳ್ಳುತ್ತಾನೆ. ನಿನ್ನ ಹುಡುಗರಿಗೂ ಅದೇ ಶಕ್ತಿ ಇದೆ. ಅವರು ಫೋನನ್ನು ಒಮ್ಮೆಯೂ ಎತ್ತಲಿಲ್ಲ!

ನಾನು ಈ ಊರಿನಲ್ಲೇ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿತೆ. ಅಲ್ಲಿನ ಹಿರಿಯರು ಪ್ರತಿ ವರದಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದೇ ಪ್ರಶ್ನೆ ಬರೆಯುತ್ತಿದ್ದರು: "ಎಲ್ಲಿ ನಿಂತು ನೋಡಿದಿ?" ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ನಂದಿಕೋಲು ಮೆರವಣಿಗೆಯ ವರದಿಗೆ ಹೋಗುವಾಗ ನಾನು ಮೊದಲು ನಿಲ್ಲುವ ಜಾಗ ಗೊತ್ತು ಮಾಡಿಕೊಳ್ಳುತ್ತಿದ್ದೆ. ಒಂದು ಅಂಗಡಿಯ ಕಟ್ಟೆ. ಅಲ್ಲಿಂದ ಕಂಡಷ್ಟು, ಕೇಳಿದಷ್ಟು ಮಾತ್ರ. ತಿರುವಿನ ಆಚೆ ಮೆರವಣಿಗೆ ಹೋದ ಮೇಲೆ ಡೊಳ್ಳಿನ ಸದ್ದು ಮಾತ್ರ ಬರೆಯುತ್ತಿದ್ದೆ. ಆ ಸದ್ದಿನ ಸಾಲನ್ನು ಅವರು ಒಮ್ಮೆ ಪೂರ್ತಿ ಸಿಬ್ಬಂದಿಗೆ ಓದಿ ಹೇಳಿದರು. ಆ ಸಂತೋಷ ನನಗೆ ಇನ್ನೂ ಇದೆ.

ಇನ್ನೊಂದು ಮಾತು. ಈ ಫೋನ್ ಯಾರಿಗೆ ಸಿಕ್ಕಿತು? 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಶುರುವಾಗುವುದೇ ಆ ಮಾಹಿತಿಯಿಂದ: ಮೂವರು ವಿದ್ಯಾರ್ಥಿಗಳು ಕಾಡಿನಲ್ಲಿ ಕಾಣೆಯಾದರು, ವರ್ಷದ ನಂತರ ಅವರ ಚಿತ್ರೀಕರಣ ಸಿಕ್ಕಿತು. ನಿನ್ನ ಕಥೆಯಲ್ಲಿ ಸಚಿನ್‌ನ ಅಮ್ಮನಿಗೆ ಸಿಕ್ಕಿತೋ, ಕಾವಲುಗಾರನಿಗೋ, ಪೊಲೀಸರಿಗೋ? ಅಮ್ಮನಿಗೆ ಸಿಕ್ಕಿದ್ದರೆ ಆಕೆ ಮಗನ ಮುಖ ಇರುವ ಒಂದು ತುಣುಕನ್ನೂ ಅಳಿಸುವುದಿಲ್ಲ. ಪೊಲೀಸರಾದರೆ ಹುಡುಗರ ಹರಟೆ ಅಷ್ಟೊಂದು ಉಳಿಯುವುದಿಲ್ಲ. ಇದು ಗೊತ್ತಾಗದೆ ಯಾವ ದೃಶ್ಯ ಇಡಬೇಕು, ಯಾವುದು ಬಿಡಬೇಕು ಅಂತ ನಿನಗೆ ತಿಳಿಯುವುದಿಲ್ಲ.

ಈಗ ಪೂರ್ತಿ ಕಥೆ ಮತ್ತೆ ಬರೆಯಬೇಡ. ಒಂದು ಬೆಳಗ್ಗೆ ಫೋನ್ ತಗೊಂಡು ಗುಮ್ಮಟ ಹತ್ತು. ಗೆಳೆಯನನ್ನು ಆಚೆ ಬದಿಗೆ ಕಳಿಸಿ ರೆಕಾರ್ಡ್ ಮಾಡು. ಮನೆಗೆ ಬಂದು ಕೇಳಿ, ಗ್ಯಾಲರಿಯ ದೃಶ್ಯ ಒಂದನ್ನೇ ಬರೆದು ನನಗೆ ಕಳಿಸು.